ಗಾಜಿನ ಮೇಲಿನ ಹೆಬ್ಬೆಟ್ಟು

(ಮೊಬೈಲ್ ಕಲಿಕಾ ಶಿಬಿರದ ಪಾಠಗಳನ್ನು ಸಿದ್ಧಪಡಿಸಲು ಗಂಗಾವತಿಯಲ್ಲಿ ಸೇರಿದ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆ 1948ರ ಸೆಪ್ಟೆಂಬರದವರೆಗೆ ನಿಜಾಮನ ಆಳ್ವಿಕೆಯಲ್ಲಿತ್ತು. ಸರಕಾರಿ ಕಾಗದ ಉರ್ದುವಿನಲ್ಲಿ ಬರುತ್ತಿತ್ತು. ಓದಿ ಹೇಳುವವನು ಹೇಳಿದ್ದೇ ನಿಜ. ಅವನು ತೋರಿಸಿದಲ್ಲಿ ರೈತ ಹೆಬ್ಬೆಟ್ಟು ಒತ್ತಬೇಕು. ಆ ಆಳ್ವಿಕೆ ಹೋಯಿತು. ಇಂದು ಮೊಬೈಲಿನ ಗಾಜಿನ ಮೇಲೆ ಇಂಗ್ಲಿಷಿನಲ್ಲಿ ಏನೋ ಮೂಡುತ್ತದೆ, ಯಾರೋ "ಇಲ್ಲಿ ಒತ್ತಿರಿ" ಎನ್ನುತ್ತಾರೆ, ನಾವು ಒತ್ತುತ್ತೇವೆ. ಅರ್ಥ ತಿಳಿಯದೆ ಒತ್ತಿದ ಮೇಲೆ ಅದೂ ಹೆಬ್ಬೆಟ್ಟಲ್ಲದೆ ಮತ್ತೇನು?

ಸರಕಾರ ಏನೂ ಮಾಡಿಲ್ಲವೆಂದು ನಾನು ಹೇಳುವುದಿಲ್ಲ. ಹಳ್ಳಿಗಳ ಡಿಜಿಟಲ್ ಸಾಕ್ಷರತೆಗೆಂದು ಕೇಂದ್ರ ಸರಕಾರ 2017ರಲ್ಲಿ ಒಂದು ಅಭಿಯಾನ ಹೂಡಿತು. 2024ರ ಮಾರ್ಚಿಗೆ ಅದು ಮುಗಿಯಿತು. ಮನೆಗೆ ಒಬ್ಬರು, ವಯಸ್ಸು 14ರಿಂದ 60, ಪಾಠ 20 ಗಂಟೆ, ಇದು ಅದರ ನಿಯಮ. ಅರವತ್ತು ದಾಟಿದವರಿಗೆ ಅಲ್ಲಿ ಜಾಗವಿಲ್ಲ. ವೃದ್ಧಾಪ್ಯ ವೇತನ ಖಾತೆಗೆ ಜಮೆಯಾಗುವುದು ಅವರಿಗೇ ಅಲ್ಲವೆ? ಮನೆಗೊಬ್ಬ ಕಲಿತರೆ ಸಾಕೆನ್ನುವುದೂ ಸರಿಯಲ್ಲ. ಕುಷ್ಟಗಿ, ಯಲಬುರ್ಗಾ ಕಡೆಯ ಎಷ್ಟೋ ಮನೆಗಳಲ್ಲಿ ಆ ಒಬ್ಬನು ದುಡಿಯಲು ಮಂಗಳೂರಿಗೋ ಗೋವೆಗೋ ಹೋಗಿರುತ್ತಾನೆ.

ಆದುದರಿಂದ ನಮ್ಮ ಪಾಠಗಳು ವಯಸ್ಸಿಗೆ, ಕಸುಬಿಗೆ ತಕ್ಕಂತೆ ಬೇರೆ ಬೇರೆ ಇರಬೇಕು.

ಮೊದಲು ಹಿರಿಯರು. ಅವರಿಗೆ ದೊಡ್ಡ ಅಕ್ಷರದ ರಟ್ಟಿನ ಹಲಗೆ ಮಾಡಿರಿ. ಮೊಬೈಲಿನ ಮುಖವನ್ನು ಅದರ ಮೇಲೆ ಬರೆಯಿರಿ. ಒಂದು ದಿನಕ್ಕೆ ಒಂದೇ ಪಾಠ. ಮೊದಲ ದಿನ ಮೊಬೈಲಿನ ಭಾಷೆಯನ್ನು ಕನ್ನಡಕ್ಕೆ ತಿರುಗಿಸುವುದು. ಎರಡನೆಯ ದಿನ ಬ್ಯಾಂಕಿನ ಸಂದೇಶದಲ್ಲಿ ಅಂಕಿ ಗುರುತಿಸುವುದು. ಮೂರನೆಯ ದಿನ, ಓಟಿಪಿ ಕೇಳಿದವನು ಯಾವ ಸಾಹೇಬನೇ ಆಗಲಿ, ಹೇಳದೆ ಫೋನ್ ಇಡುವುದು. ಅಕ್ಷರ ಬಾರದವರಿಗೆ ಅಂಕಿ ಬರುತ್ತದೆ. ಸಂತೆಯ ಲೆಕ್ಕ ಮಾಡಿದ ಕೈಗಳವು.

ಮಿಲ್ಲಿನ ಕೆಲಸಗಾರರಿಗೆ ಪಿ.ಎಫ್. ಲೆಕ್ಕವೇ ಮೊದಲ ಪಾಠವಾಗಲಿ. ಖಾತೆಗೆ 12 ಅಂಕಿಗಳ ಯು.ಎ.ಎನ್. ಸಂಖ್ಯೆಯಿದೆ. ಅದರಿಂದ ಪಾಸ್‌ಬುಕ್ ತೆರೆದರೆ, ಸಂಬಳದಲ್ಲಿ ಹಿಡಿದ ಹಣ, ಮಾಲೀಕ ಕೂಡಿಸಬೇಕಾದ ಹಣ ಜಮೆಯಾಗಿದೆಯೋ ಇಲ್ಲವೋ ಕಾಣುತ್ತದೆ. ಖಾತೆಯೇ ಇಲ್ಲವೆಂದು ತಿಳಿದರೆ, ಅದನ್ನು ಕೇಳುವ ದಾರಿಯೂ ಅಲ್ಲಿಂದಲೇ ಆರಂಭವಾಗುತ್ತದೆ.

ಅಂಗಡಿಕಾರರಿಗೆ ಮೂರು ಮಾತು. ಹಣ ಪಡೆಯಲು ಪಿನ್ ಬೇಕಾಗಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ. ಗಿರಾಕಿ ತೋರಿಸಿದ ಚಿತ್ರವನ್ನು ನಂಬದೆ ನಿಮ್ಮ ಖಾತೆಯನ್ನೇ ನೋಡಿರಿ. ದಿನದ ವ್ಯಾಪಾರವನ್ನು ಬರೆದಿಡಿರಿ. 2025ರ ಜುಲೈಯಲ್ಲಿ ಯುಪಿಐ ಲೆಕ್ಕ ಹಿಡಿದು ರಾಜ್ಯದ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕೊಟ್ಟಾಗ, ತೆರಿಗೆಯೇ ಇಲ್ಲದ ತರಕಾರಿ ಮಾರುವವರೂ ಗಾಬರಿಯಾದರು. ಬರೆದ ಲೆಕ್ಕವಿದ್ದವನಿಗೆ ಉತ್ತರ ಕೊಡುವುದು ಸುಲಭ.

ಇನ್ನು ಹುಡುಗರು. ಗುಂಡಿ ಒತ್ತುವುದನ್ನು ಅವರಿಗೆ ನಾವು ಕಲಿಸಬೇಕಾಗಿಲ್ಲ. ಕನ್ನಡದಲ್ಲಿ ಅರ್ಜಿ ಬರೆಯುವುದನ್ನು, ಬಂದ ಸುದ್ದಿ ಸುಳ್ಳೋ ನಿಜವೋ ಪರೀಕ್ಷಿಸುವುದನ್ನು ಕಲಿಸೋಣ. ಆಮೇಲೆ ಅವರನ್ನೇ ಹಿರಿಯರ ಮೇಷ್ಟ್ರುಗಳನ್ನಾಗಿ ಮಾಡೋಣ. ಆದರೆ ಒಂದು ಕಟ್ಟಳೆ: ಕಲಿಸುವವನ ಕೈ ಕಲಿಯುವವರ ಮೊಬೈಲನ್ನು ಮುಟ್ಟಕೂಡದು. ಮೊಮ್ಮಗ ಕಸಿದುಕೊಂಡು ಒತ್ತಿಕೊಟ್ಟರೆ ಅಜ್ಜಿಯ ಕೆಲಸ ಆಯಿತು, ಕಲಿಕೆ ಆಗಲಿಲ್ಲ. ನಾಳೆ ಅವಳು ಮತ್ತೊಬ್ಬನ ಮುಂದೆ ಕೈಯೊಡ್ಡಬೇಕು; ಆ ಮತ್ತೊಬ್ಬ ಎಂಥವನೋ!

ಪ್ರತಿ ಪಾಠದ ಕೊನೆಯ ಪುಟದಲ್ಲಿ 1930 ಎಂದು ದಪ್ಪಗೆ ಅಚ್ಚು ಹಾಕಿಸಿರಿ. ಮೋಸದಿಂದ ಹಣ ಹೋದರೆ ತಡಮಾಡದೆ ಕರೆಯಬೇಕಾದ ಸಂಖ್ಯೆ ಅದು. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಆಸೆ ಹೆಚ್ಚು.

ಶಿಬಿರಕ್ಕೆ ಗ್ರಾಮ ಪಂಚಾಯತಿಯ ಅರಿವು ಕೇಂದ್ರವನ್ನು ಕೇಳೋಣ. ಸಿಗದಿದ್ದರೆ ಗುಡಿಯ ಕಟ್ಟೆಯಿದೆ. ವೇಳೆಯನ್ನು ಮಾತ್ರ ಕಲಿಯುವವರೇ ಗೊತ್ತುಮಾಡಲಿ. ಮಿಲ್ಲಿನ ಪಾಳಿ ಬಿಟ್ಟ ಮೇಲೆ, ಅಂಗಡಿ ಮುಚ್ಚಿದ ಮೇಲೆ. ಎಷ್ಟು ಜನ ಬಂದರೆಂಬ ವರದಿ ನನಗೆ ಬೇಡ. ಶಿಬಿರ ಮುಗಿದ ತಿಂಗಳ ಮೇಲೆ, ಒತ್ತುವ ಮುನ್ನ "ಇದರಲ್ಲಿ ಏನು ಬರೆದಿದೆ?" ಎಂದು ಕೇಳಿದವರು ಎಷ್ಟು ಜನ, ಅದನ್ನು ಬರೆದು ಕಳುಹಿಸಿರಿ.