ಅಳತೆ ಮೀರಿದ ಉಪ್ಪು

ಒಳ್ಳೆಯದೇ ಅತಿಯಾದಾಗ ಇಂಗ್ಲಿಷಿನವರು ‘ಟೂ ಮಚ್ ಆಫ್ ಎ ಗುಡ್ ಥಿಂಗ್’ ಎನ್ನುತ್ತಾರೆ. 1600ರ ಆಸುಪಾಸಿನಲ್ಲಿ ಶೇಕ್ಸ್‌ಪಿಯರ್ ಬರೆದ ‘ಆ್ಯಸ್ ಯು ಲೈಕ್ ಇಟ್’ ನಾಟಕದಲ್ಲಿ ರೋಸಲಿಂಡ್ ಇದನ್ನೇ ತುಂಟ ಪ್ರಶ್ನೆಯಾಗಿ ಕೇಳುತ್ತಾಳೆ. ನಮಗೆ ಅದು ಪ್ರಶ್ನೆಯಲ್ಲ, ಇತ್ಯರ್ಥವಾದ ಮಾತು: ಅತಿಯಾದರೆ ಅಮೃತವೂ ವಿಷ. ಸತ್ಯಮಂಗಲದ ಮೇಲೆ ಚಾಮರಾಜನಗರಕ್ಕೆ ಬರುವ ರಸ್ತೆಯಲ್ಲಿ, ಕೊಯಮತ್ತೂರಿನ ಗಣಪತಿ ಎಂಬ ಬಡಾವಣೆ ಇದೆ. ಆ ಸೀಮೆಯ ತಮಿಳರು ‘ಅಳವುಕ್ಕು ಮಿಂಜಿನಾಲ್ ಅಮಿರ್ದಮುಂ ನಂಜು’ ಎನ್ನುತ್ತಾರೆ. ಮನೆಯಲ್ಲಿ ಕನ್ನಡವಾಡುವ ಅಲ್ಲಿನ ದೇವಾಂಗರಿಗೆ ಎರಡು ಗಾದೆಯೂ ಸ್ವಂತ. ನಮ್ಮ ಗಾದೆಯನ್ನು ನಾವು ಆಸೆಬುರುಕರಿಗೆ ಬುದ್ಧಿ ಹೇಳಲು ಬಳಸುತ್ತೇವೆ. ಆದರೆ ತಮಿಳು ಗಾದೆ ಮಾತಾಡುವುದು ಆಸೆಯ ಬಗ್ಗೆಯಲ್ಲ, ಅಳತೆಯ ಬಗ್ಗೆ. ಆ ಅಳತೆಯನ್ನು ಗೊತ್ತುಮಾಡುವುದು ಸುರಿಯುವವನ ಮನಸ್ಸಲ್ಲ, ತಾಳಿಕೊಳ್ಳಬೇಕಾದವರ ಶಕ್ತಿ ಎಂಬುದು ನನ್ನ ವಾದ.

ಇದಕ್ಕೆ ಸಾಕ್ಷಿ ನೊಯ್ಯಲ್ ನದಿ. ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟಿ, ಕೊಯಮತ್ತೂರು, ತಿರುಪ್ಪೂರು ದಾಟಿ ಅದು ನಮ್ಮ ಕಾವೇರಿಯನ್ನೇ ಸೇರುತ್ತದೆ. ತಿರುಪ್ಪೂರಿನಲ್ಲಿ ಹತ್ತಿಬಟ್ಟೆಗೆ ಬಣ್ಣ ಹಿಡಿಸಲು ಉಪ್ಪು ಬೇಕು. ನೀರಿನಲ್ಲಿ ನೂಲೂ ಬಣ್ಣವೂ ಒಂದನ್ನೊಂದು ದೂರ ತಳ್ಳುತ್ತವೆ, ಉಪ್ಪು ಆ ವಿಕರ್ಷಣೆಯನ್ನು ತಗ್ಗಿಸುತ್ತದೆ. ಗಾಢ ಬಣ್ಣವಾದರೆ ಲೀಟರಿಗೆ 60 ಗ್ರಾಂ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಸಮುದ್ರದ ನೀರಿನಲ್ಲೇ ಇರುವುದು ಸುಮಾರು 35 ಗ್ರಾಂ! ಉಪ್ಪಿಗಿಂತ ರುಚಿಯಿಲ್ಲ ಎನ್ನುವ ನಾವು ಬಣ್ಣ ಹಾಕುವ ಯಾವನನ್ನೂ ಉಪ್ಪು ಬಳಸಿದ್ದಕ್ಕೆ ಅತ್ಯಾಶೆಯವನು ಎನ್ನಲಾರೆವು. ಒಂದೊಂದು ಘಟಕವೂ ತನಗೆ ಬೇಕಾದಷ್ಟನ್ನೇ ಹಾಕಿತು. ನೂರಾರು ಘಟಕಗಳ ಉಪ್ಪು ಮಾತ್ರ ಒಂದೇ ನದಿಗೆ ಇಳಿಯಿತು. 1990ರ ದಶಕದ ಆರಂಭದಲ್ಲಿ ನೀರಾವರಿಗೆಂದು ಅದೇ ನದಿಗೆ ಕಟ್ಟಿದ ಒರತ್ತುಪಾಳೆಯಂ ಅಣೆಕಟ್ಟಿನ ನೀರನ್ನು ಬಿಡಬೇಡಿ ಎಂದು ರೈತರೇ ಅಡ್ಡನಿಲ್ಲಬೇಕಾಯಿತು.

ಬಣ್ಣ ಮೊದಲೇ ರಾಸಾಯನಿಕ, ಅದನ್ನು ಅಮೃತಕ್ಕೆ ಹೋಲಿಸಿ ತಪ್ಪಿತಸ್ಥರನ್ನು ಬಚಾವು ಮಾಡುತ್ತೀರಾ ಎಂದು ಕೇಳಬಹುದು. ನ್ಯಾಯವಾದ ಆಕ್ಷೇಪವೇ. ಆದರೆ ಬಣ್ಣವನ್ನು ಸಾಮಾನ್ಯ ಶುದ್ಧೀಕರಣದಲ್ಲಿ ಬಹುಪಾಲು ತೆಗೆಯಬಹುದು. ಕರಗಿದ ಉಪ್ಪು ಅದರ ಕೈಗೆ ಸಿಗದೆ ತಿಳಿನೀರಾಗಿಯೇ ಹೊಲ ಸೇರುತ್ತದೆ. ಹಾಗಾಗಿ ಅಪಾಯ ಕಣ್ಣಿಗೆ ಬೀಳುವುದೇ ಇಲ್ಲ. ಲಕ್ಷಾಂತರ ಜನರ ಅನ್ನದ ಮಾತೇನು ಎಂಬುದು ಇನ್ನೊಂದು ಪ್ರಶ್ನೆ. ಮದ್ರಾಸ್ ಹೈಕೋರ್ಟ್ 2006ರಲ್ಲಿ ಹೇಳಿದ್ದು ಬಣ್ಣ ಹಾಕಬೇಡಿ ಎಂದಲ್ಲ, ಒಂದು ಹನಿಯನ್ನೂ ಹೊರಬಿಡಬೇಡಿ ಎಂದು. ಅದು ನಡೆಯದಿದ್ದಾಗ, 2011ರ ಜನವರಿಯಲ್ಲಿ ಘಟಕಗಳನ್ನು ಮುಚ್ಚಿಸಿತು. ಕೂಲಿಕಾರರಿಗೆ ಆ ದಿನಗಳು ಕಷ್ಟದವು, ಅದನ್ನು ಹಗುರವಾಗಿ ಕಾಣಬಾರದು. ಆದರೂ ಉದ್ಯಮ ಉಳಿಯಿತು: ಈಗ ಬಳಸಿದ ನೀರನ್ನು ಸೋಸಿ, ಆವಿಯಾಗಿಸಿ, ಸಿಕ್ಕ ಉಪ್ಪುನೀರನ್ನು ಮತ್ತೆ ಬಣ್ಣಕ್ಕೇ ಬಳಸುತ್ತಾರೆ. ಅದಕ್ಕೆ ತಗಲುವ ವಿದ್ಯುತ್ತು, ಉರುವಲಿನ ಖರ್ಚನ್ನು ಸದ್ಯ ತಿರುಪ್ಪೂರಿನವರೇ ಹೊರುತ್ತಿದ್ದಾರೆ. ಅಗ್ಗದ ಬನಿಯನ್ ಕೇಳುವ ಕೊಳ್ಳುಗರೂ ಅದರಲ್ಲಿ ಪಾಲು ಹೊರಬೇಕು.