ಪಾತ್ರ ಮತ್ತು ಪಾತ್ರತೆ

(ಮಾರತ್ತಹಳ್ಳಿಯ ಸದ್ಭಕ್ತರು ಕಲ್ಯಾಣದ ಶರಣರ ನಾಟಕವನ್ನಾಡಿದ ಮರುದಿನ ಅದೇ ಸ್ಥಳದಲ್ಲಿ ಜರುಗಿದ ಧರ್ಮಸಭೆಯಲ್ಲಿ ಪೂಜ್ಯರು ದಯಪಾಲಿಸಿದ ಆಶೀರ್ವಚನ)



ನಿನ್ನೆಯ ರಾತ್ರಿ ಇದೇ ಪೆಂಡಾಲಿನಲ್ಲಿ ಕುಳಿತು ನೀವೆಲ್ಲ ನಾಟಕವನ್ನು ನೋಡಿದ್ದೀರಿ. ನಾವೂ ಮುಗಿಯುವವರೆಗೆ ಕುಳಿತು ನೋಡಿದೆವು. ಆಟ ಹೇಗಿತ್ತೆಂಬ ವಿಮರ್ಶೆ ನಮ್ಮ ಕೆಲಸವಲ್ಲ. ಎರಡನೆಯ ಅಂಕದಲ್ಲಿ ಪರದೆ ಅರ್ಧಕ್ಕೆ ಸಿಕ್ಕಿಕೊಂಡಿತು. ಬಿಜ್ಜಳ ಮಹಾರಾಜರ ಮೀಸೆ ಒಂದು ಕಡೆ ಕಿತ್ತು ಬಂದು, ಅವರು ಅದನ್ನು ಕೈಯಿಂದ ಒತ್ತಿ ಹಿಡಿದುಕೊಂಡೇ ಆಜ್ಞೆ ಹೊರಡಿಸಿದರು. ಮಕ್ಕಳು ನಕ್ಕರು, ನಾವೂ ನಕ್ಕೆವು. ನಗೆಯ ಮಾರಿತಂದೆ ಎಂಬ ಶರಣರಿದ್ದ ಪರಂಪರೆ ನಮ್ಮದು, ನಗುವುದರಲ್ಲಿ ದೋಷವಿಲ್ಲ. ಇಂದು ನಾವು ಹೇಳಬೇಕೆಂದಿರುವುದು ಆ ಬಣ್ಣದ ಹಿಂದಿದ್ದ ಜನರ ವಿಚಾರ.

ಅವರು ಯಾರು ಯಾರು? ಬಿಜ್ಜಳರಾಗಿದ್ದವರು ಬೀದರ ಜಿಲ್ಲೆಯವರು, ಇಲ್ಲಿಯ ಕಂಪ್ಯೂಟರ್ ಕಂಪನಿಯೊಂದರಲ್ಲಿ ಇಂಜಿನಿಯರು. ಅಕ್ಕನಾಗಮ್ಮನವರು ವರ್ತೂರಿನ ಶಾಲೆಯ ಉಪಾಧ್ಯಾಯಿನಿ, ಮನೆಯ ಮಾತು ತೆಲುಗು. ನೀಲಾಂಬಿಕೆಯ ಪಾತ್ರಧಾರಿ ಆಸ್ಪತ್ರೆಯ ನರ್ಸು, ಕೇರಳದವರು; ಕನ್ನಡದ ಮಾತುಗಳನ್ನು ಮಲೆಯಾಳ ಲಿಪಿಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದರಂತೆ. ಮಧುವರಸರು ಕೃಷ್ಣರಾಜಪುರದ ಹೂವಿನ ವ್ಯಾಪಾರಿ. ಹಿಮ್ಮೇಳದಲ್ಲಿ ಹಾಡಿದವರಲ್ಲಿ ಒಬ್ಬರು ಆಟೋ ಓಡಿಸುವ ಮುಸಲ್ಮಾನ ಬಂಧುಗಳು. ಸೈನಿಕರಾಗಿ ನಿಂತವರು ಹಗಲೆಲ್ಲ ದೊಡ್ಡ ಕಟ್ಟಡಗಳ ಬಾಗಿಲಲ್ಲಿ ಕಾವಲಿರುವವರೇ. ಹಾಗಾಗಿ ಅವರಿಗೆ ಅಭಿನಯ ಕಲಿಸುವ ಶ್ರಮ ಇರಲಿಲ್ಲ. ಹರಳಯ್ಯನವರು ವಿಮಾನ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರು. ಬಸವಣ್ಣನವರ ಪಾತ್ರವನ್ನು ವಹಿಸಿದವರು ಯಾದಗಿರಿ ಕಡೆಯಿಂದ ಬಂದು ಇಲ್ಲಿ ಗಾರೆ ಕೆಲಸ ಮಾಡುತ್ತಿರುವವರು, ಹುಟ್ಟಿನಿಂದ ಹರಳಯ್ಯನವರ ಕುಲದವರು.

ಬೀದರದ ಕನ್ನಡ, ಯಾದಗಿರಿಯ ಕನ್ನಡ, ಕೋಲಾರದ ಸೀಮೆಯ ಕನ್ನಡ, ಕೇರಳದ ಕಂಠದ ಕನ್ನಡ, ಎಲ್ಲವೂ ಒಂದೇ ಮಹಾಮನೆಯಲ್ಲಿ ಕೇಳಿಬಂದವು. ಯಾರೋ ಇದನ್ನು ಲೋಪವೆಂದರು. ನಮಗೆ ಹಾಗೆನಿಸಲಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಸೌರಾಷ್ಟ್ರದಿಂದ ಆದಯ್ಯನವರು ಬಂದರು, ಕಾಶ್ಮೀರದಿಂದ ಮೋಳಿಗೆ ಮಾರಯ್ಯನವರು ಬಂದರು ಎಂದು ಪುರಾಣಗಳು ಹೇಳುತ್ತವೆ. ಅವರೆಲ್ಲರ ಉಚ್ಚಾರ ಮೊದಲ ದಿನದಿಂದಲೇ ಒಂದೇ ತೆರನಾಗಿದ್ದೀತೆ?

ಈ ಊರು ಇಂಥ ಕೂಟಕ್ಕೆ ಹೊಸದೇನೂ ಅಲ್ಲ. ಇದು ರಾಗಿ ಬೆಳೆಯುವ ಹಳ್ಳಿಯಾಗಿತ್ತು. 1940ರಲ್ಲಿ ಪಕ್ಕದಲ್ಲಿ ವಿಮಾನ ಕಾರ್ಖಾನೆ ಪ್ರಾರಂಭವಾಯಿತು. 1948ರಲ್ಲಿ ದೂರವಾಣಿನಗರದಲ್ಲಿ ಟೆಲಿಫೋನ್ ಕಾರ್ಖಾನೆ ಬಂತು. ನಾನಾ ಸೀಮೆಯ ಕೆಲಸಗಾರರು ಬಂದು ನೆಲೆಸಿದರು. ಬೆಂಗಳೂರಿನ ಕಾರ್ಖಾನೆಗಳ ಕನ್ನಡ ಸಂಘಗಳು, ಲಲಿತಕಲಾ ಸಂಘಗಳು ಆಡಿದ ನಾಟಕಗಳಿಗೆ ಲೆಕ್ಕವಿಲ್ಲ. ಲೇತು ಯಂತ್ರದ ಮುಂದೆ ನಿಂತವರು ಸಂಜೆ ರಾಜರಾಗುತ್ತಿದ್ದರು. ಸುತ್ತಣ ಹಳ್ಳಿಗಳಲ್ಲಿಯೋ ಹಾರ್ಮೋನಿಯಂ ಮೇಷ್ಟರು ಬಂದು ತಿಂಗಳುಗಟ್ಟಲೆ ಕುರುಕ್ಷೇತ್ರ ನಾಟಕವನ್ನು ಕಲಿಸುವ ಸಂಪ್ರದಾಯವುಂಟು.

ಆ ಹಳ್ಳಿಯ ನಾಟಕಗಳಲ್ಲಿ ಒಂದು ಪದ್ಧತಿಯನ್ನು ನೀವು ಬಲ್ಲಿರಿ. ಪಾತ್ರಧಾರಿಯೇ ಹಣ ಕೊಟ್ಟು ಪಾತ್ರವನ್ನು ಪಡೆಯಬೇಕು. ಕೃಷ್ಣನಿಗೆ, ದುರ್ಯೋಧನನಿಗೆ ಹೆಚ್ಚು; ಸಣ್ಣ ಪಾತ್ರಗಳಿಗೆ ಕಡಿಮೆ. ಸೀನರಿಗೆ, ಉಡುಪಿಗೆ, ಮೇಷ್ಟರಿಗೆ ಹಣ ಬೇಡವೇ? ಬೇಕು. ಆ ಜನರ ಕಲಾಪ್ರೇಮದ ಬಗ್ಗೆ ನಮಗೆ ಗೌರವವಿದೆ. ಆದರೆ ಅಲ್ಲಿ ಹಣವುಳ್ಳವನ ಮೈಮೇಲೆಯೇ ಕೃಷ್ಣನ ಕಿರೀಟ ಬರುತ್ತದೆ. ನಿಮ್ಮ ಸಂಘದವರು ಹಾಗೆ ಮಾಡದೆ, ಎಲ್ಲರಿಂದಲೂ ಓದಿಸಿ ನೋಡಿ ಪಾತ್ರ ಹಂಚಿದರು. ತಕರಾರು ಹುಟ್ಟಿದ್ದು ಅಲ್ಲಿಯೇ.

ಆಗ ನಾಲ್ಕು ಜನ ಹಿರಿಯರು ನಮ್ಮಲ್ಲಿಗೆ ಬಂದರು. ಹೆಸರನ್ನು ಹೇಳುವುದಿಲ್ಲ, ಅವರೂ ಈ ಸಭೆಯಲ್ಲಿದ್ದಾರೆ. “ಬುದ್ಧಿ, ಬಸವಣ್ಣನವರ ಪಾತ್ರವನ್ನು ಲಿಂಗಧಾರಿಯಲ್ಲದವರಿಗೆ ಕೊಟ್ಟಿದ್ದಾರೆ. ಭಕ್ತರ ಮನಸ್ಸಿಗೆ ನೋವಾಗುತ್ತದೆ” ಎಂದರು. ನಾವು ಅವರನ್ನು ಕೇಳಿದೆವು: ಹಾಗಾದರೆ ಹರಳಯ್ಯನವರ ಪಾತ್ರಕ್ಕೆ ನಿಮ್ಮ ಮನೆಯ ಮಕ್ಕಳಲ್ಲಿ ಯಾರು ಬರುತ್ತಾರೆ? ಅವರು ಒಬ್ಬರ ಮುಖವನ್ನೊಬ್ಬರು ನೋಡಿದರು. ಬಸವಣ್ಣನವರಾಗುವುದಕ್ಕೆ ಏಳು ಜನ ಹೆಸರು ಕೊಟ್ಟಿದ್ದರು. ಹರಳಯ್ಯನವರಾಗುವುದಕ್ಕೆ ಒಬ್ಬರೂ ಕೊಟ್ಟಿರಲಿಲ್ಲ. ತಮ್ಮನ್ನು ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯನವರ ಮನೆತನದವರೆಂದು ಬಸವಣ್ಣನವರೇ ಕರೆದುಕೊಂಡಿರುವಾಗ, ನಾಟಕದ ಮೂರು ಗಂಟೆಯ ಮಟ್ಟಿಗೂ ಆ ಮನೆತನ ನಮಗೆ ಬೇಡವಾಗಿತ್ತು.

ಅವರು ಶಾಸ್ತ್ರದ ಮಾತನ್ನೆತ್ತಿದರು. ಶಾಸ್ತ್ರವನ್ನೇ ಕೇಳೋಣ. ನಾವು ಪಾಠಶಾಲೆಯಲ್ಲಿ ಓದಿದ ಭರತಮುನಿಗಳ ನಾಟ್ಯಶಾಸ್ತ್ರ ನಾಟ್ಯದ ಹುಟ್ಟನ್ನು ಹೀಗೆ ಹೇಳುತ್ತದೆ: ವೇದವನ್ನು ಕೇಳುವ ಅಧಿಕಾರ ಶೂದ್ರರಿಗಿಲ್ಲವಾದ ಕಾರಣ, ಎಲ್ಲ ವರ್ಣದವರಿಗೂ ಸಲ್ಲುವ ಐದನೆಯ ವೇದವೊಂದು ಬೇಕೆಂದು ಇಂದ್ರಾದಿಗಳು ಬ್ರಹ್ಮನನ್ನು ಬೇಡಿದರು. ಬ್ರಹ್ಮನು ಋಗ್ವೇದದಿಂದ ಮಾತನ್ನೂ, ಸಾಮದಿಂದ ಗೀತವನ್ನೂ, ಯಜುಸ್ಸಿನಿಂದ ಅಭಿನಯವನ್ನೂ, ಅಥರ್ವದಿಂದ ರಸವನ್ನೂ ತೆಗೆದು ನಾಟ್ಯವೇದವನ್ನು ರಚಿಸಿದನು. ಬಾಗಿಲು ಮುಚ್ಚಿದ್ದರಿಂದಲೇ ಹುಟ್ಟಿದ ವೇದ ಇದು. ಇದಕ್ಕೂ ಬಾಗಿಲು ಹಾಕಲು ಹೊರಟರೆ ಇನ್ನೊಂದು ವೇದವನ್ನು ಎಲ್ಲಿಂದ ತರೋಣ? ಅದೇ ಗ್ರಂಥದ ಕೊನೆಯ ಭಾಗದಲ್ಲಿ ಪಾತ್ರಗಳನ್ನು ಹಂಚುವ ಕ್ರಮವಿದೆ. ನಟನ ಅಂಗಸೌಷ್ಠವವೇನು, ನಡಿಗೆ ಹೇಗೆ, ಮಾತು ಹೇಗೆ, ಸ್ವಭಾವವೇನು ಎಂದು ನೋಡಿ ಹಂಚಬೇಕೆಂಬುದು ಅಲ್ಲಿಯ ಅಭಿಪ್ರಾಯ. ಆ ಗಾರೆ ಕೆಲಸದ ತಮ್ಮನಿಗೆ ಮಾತಿನಲ್ಲಿ ತಗ್ಗೂ ಇದೆ, ಗಟ್ಟಿತನವೂ ಇದೆ. ಅದನ್ನು ನೋಡಿ ಸಂಘದವರು ಕೊಟ್ಟರು. ಭರತಮುನಿಗಳು ಬಂದಿದ್ದರೂ ಅದನ್ನೇ ಮಾಡುತ್ತಿದ್ದರು.

ಆ ಗ್ರಂಥದಲ್ಲಿಯೇ ಮತ್ತೊಂದು ಕಥೆಯುಂಟು. ಭರತನ ಮಕ್ಕಳು, ಅಂದರೆ ಲೋಕದ ಮೊದಲ ನಟರು, ಋಷಿಗಳನ್ನು ಅಣಕಿಸಿ ಆಡಿದರಂತೆ. ಋಷಿಗಳು ಕೋಪಗೊಂಡು, ನಿಮ್ಮ ಬ್ರಾಹ್ಮಣ್ಯ ಹೋಗಲಿ, ನಿಮ್ಮ ಸಂತತಿ ಶೂದ್ರರಾಗಲಿ ಎಂದು ಶಪಿಸಿದರು. ಕುಲ ಹೋಗುವುದನ್ನು ಋಷಿಗಳು ಶಾಪವೆಂದು ತಿಳಿದರು. ಕಲ್ಯಾಣದ ಶರಣರು ಅದನ್ನೇ ಕೇಳಿ ಪಡೆದರು. ಆದಕಾರಣವೇ ಶರಣರ ಗಣದಲ್ಲಿ ವೇಷ ಹಾಕಿ ಬದುಕುವವರಿಗೂ ಸ್ಥಾನವಿತ್ತು. ಬಹುರೂಪಿ ಚೌಡಯ್ಯನವರ ಕಾಯಕವೇ ಬಹುರೂಪ. ರೇಕಣ್ಣಪ್ರಿಯ ನಾಗಿನಾಥ ಎಂಬ ಅಂಕಿತದಲ್ಲಿ ಅವರ ವಚನಗಳಿವೆ.

“ಪಾತ್ರ” ಎಂಬ ಶಬ್ದವನ್ನೇ ನೋಡಿರಿ. ಸಂಸ್ಕೃತದಲ್ಲಿ ಅದಕ್ಕೆ ಮೊದಲ ಅರ್ಥ ಕುಡಿಯುವ, ಹಿಡಿದಿಡುವ ಪಾತ್ರೆ. ಅದರಿಂದ ಯೋಗ್ಯತೆ ಎಂಬರ್ಥದ ಪಾತ್ರತೆ ಬಂತು. ಪಾತ್ರೆಯನ್ನು ಎಲ್ಲಿಯ ಮಣ್ಣಿನಿಂದ ಮಾಡಿದರೆಂದು ಕೇಳಿದರೆ ಬಾಯಾರಿಕೆ ಹೋಗದು. ಸೋರುತ್ತದೆಯೋ ಇಲ್ಲವೋ ಎಂದು ನೋಡಬೇಕು.

ಮಠ ಪೀಠಗಳಿಗೂ ನಾಟಕಕ್ಕೂ ಸಂಬಂಧವೇನೆಂದು ಕೆಲವರು ಕೇಳುತ್ತಾರೆ. ಹಾನಗಲ್ಲ ಕುಮಾರ ಸ್ವಾಮಿಗಳ ಕೃಪೆಯಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳನ್ನು, ಅನಾಥ ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗಿದರು. ಅಷ್ಟು ಬಾಯಿಗಳಿಗೆ ಅನ್ನ ಬೇಕಲ್ಲ? ನಾಟಕ ಮಂಡಲಿಯನ್ನು ಕಟ್ಟಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು ಗದುಗಿನ ವೀರೇಶ್ವರ ಪುಣ್ಯಾಶ್ರಮದ ಹೊಣೆ ಹೊತ್ತರು. ತಾವೇ ನಾಟಕ ಬರೆದರು, ತಾವೇ ಸಂಗೀತ ಕೂಡಿಸಿದರು. ಕಣ್ಣಿಲ್ಲದವರು ಬರೆದ ನಾಟಕವನ್ನು ಕಣ್ಣುಳ್ಳವರು ನೋಡಿ ಕೊಟ್ಟ ಹಣದಲ್ಲಿ ಆಶ್ರಮದ ಒಲೆ ಉರಿಯಿತು. ಅಲ್ಲಿ ಸೇರಿದ ಹುಡುಗನನ್ನು ನಿನ್ನ ಕುಲ ಯಾವುದೆಂದು ಕೇಳಲಿಲ್ಲ. ಶ್ರುತಿ ಸೇರುತ್ತದೆಯೇ ಎಂದು ಕೇಳಿದರು.

ಗುಬ್ಬಿಯ ಕಂಪನಿಯ ಕಥೆ ನಿಮಗೆ ಗೊತ್ತೇ ಇದೆ. 1884ರಲ್ಲಿ ಚನ್ನಬಸವೇಶ್ವರರ ಹೆಸರಿನಲ್ಲಿ ಹುಟ್ಟಿದ ಆ ಸಂಘದ ನೆರಳಿನಲ್ಲಿ ಗಾಜನೂರಿನ ಮುತ್ತುರಾಜರೂ, ನರಸಿಂಹರಾಜು, ಜಿ. ವಿ. ಅಯ್ಯರ್ ಅವರೂ, ಬಂಟ್ವಾಳದ ಕಡೆಯಿಂದ ಬಂದ ಹುಡುಗ ಬಿ. ವಿ. ಕಾರಂತರೂ ಬೆಳೆದರು. ಹೆಣ್ಣುಮಕ್ಕಳು ರಂಗಕ್ಕೆ ಬರುವುದನ್ನು ಜನ ಆಡಿಕೊಳ್ಳುತ್ತಿದ್ದ ಕಾಲದಲ್ಲಿ ವೀರಣ್ಣನವರು ಅವರಿಗೆ ಎಡೆ ಕೊಟ್ಟರು. ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು 1997ರಲ್ಲಿ ಪ್ರಾರಂಭಿಸಿದ ಶಿವಸಂಚಾರ ನಾಡಿನ ಊರೂರಿಗೆ ಶರಣರ ನಾಟಕಗಳನ್ನು ಒಯ್ದಿದೆ. ಮೈಸೂರಿನ ಸೆರೆಮನೆಯಲ್ಲಿ ಹುಲುಗಪ್ಪ ಕಟ್ಟೀಮನಿಯವರು ಬಂದಿಗಳಿಗೆ ನಾಟಕ ಕಲಿಸಿದರು. ಆ ಬಂದಿಗಳು ಗಿರೀಶ ಕಾರ್ನಾಡರ ತಲೆದಂಡವನ್ನೂ ಆಡಿದರು. ಕೊಲೆಯ ಶಿಕ್ಷೆಯಲ್ಲಿದ್ದವರು ಕಲ್ಯಾಣದ ಕೊಲೆಗಳ ಕಥೆಯನ್ನು ಆಡುವಾಗ ಅವರ ಮನಸ್ಸಿನಲ್ಲಿ ಏನು ನಡೆದಿರಬೇಕು ಎಂಬುದನ್ನು ನಾವು ಊಹಿಸಲಾರೆವು.

ಇರಲಿ, ನಮ್ಮ ಹರಳಯ್ಯನವರ ವಿಚಾರಕ್ಕೆ ಬರೋಣ. ಆ ನಾಲ್ವರು ಬಂದು ಹೋದ ಮರುವಾರ ಕಾರ್ಖಾನೆಯ ಈ ಹಿರಿಯರು ತಾವಾಗಿಯೇ ಮುಂದೆ ಬಂದರು. ಮೂರು ತಲೆಮಾರಿನಿಂದ ಮಠದ ಭಕ್ತರು, ಇಷ್ಟಲಿಂಗ ಪೂಜೆಯನ್ನು ಒಂದು ದಿನವೂ ಬಿಟ್ಟವರಲ್ಲ. ಮನೆಯಲ್ಲಿ ಯಜಮಾನಿತಿಯವರು, “ನಿಮಗೆ ಬೇರೆ ಪಾತ್ರವೇ ಸಿಗಲಿಲ್ಲವೇ?” ಎಂದು ಎರಡು ದಿನ ಮಾತು ಬಿಟ್ಟರಂತೆ. ತಾಯಿ ನಗುತ್ತಿದ್ದಾರೆ, ಈಗ ಮಾತು ಸರಿಹೋಗಿದೆ ಎಂದು ತಿಳಿಯುತ್ತೇವೆ. ಈ ಹಿರಿಯರು ಮೇಲುಸೇತುವೆಯ ಕೆಳಗೆ ಕುಳಿತು ಚಪ್ಪಲಿ ಹೊಲಿಯುವ ಕಾಯಕಜೀವಿಯ ಬಳಿಗೆ ಹೋಗಿ, ಉಳಿಯನ್ನು ಹಿಡಿಯುವುದು ಹೇಗೆ, ದಾರಕ್ಕೆ ಮೇಣ ತಿಕ್ಕುವುದು ಹೇಗೆ ಎಂದು ಮೂರು ವಾರ ಕಲಿತರು. ಬೆರಳಿಗೆ ಎರಡು ಬಾರಿ ಚುಚ್ಚಿಕೊಂಡರು. ನಮ್ಮೆದುರಿಗೆ ಒಂದು ಮಾತು ಹೇಳಿದರು: “ವಿಮಾನಕ್ಕೆ ರಿವೆಟ್ ಹೊಡೆಯುವ ನನ್ನ ಸಲಕರಣೆಗೆ ವರ್ಷವೂ ಆಯುಧಪೂಜೆ ಮಾಡಿದೆ. ನನ್ನ ಕಾಲಿನ ಮೆಟ್ಟನ್ನು ಹೊಲಿದ ಉಳಿ ಹೇಗಿರುತ್ತದೆ ಎಂದು ಇದುವರೆಗೆ ನೋಡಿರಲಿಲ್ಲ.”

ನಿನ್ನೆ ಆ ದೃಶ್ಯವನ್ನು ನೋಡಿದಿರಿ. ಹರಳಯ್ಯನವರು ದಾರಿಯಲ್ಲಿ ಶರಣು ಎನ್ನುತ್ತಾರೆ. ಬಸವಣ್ಣನವರು ಶರಣು ಶರಣಾರ್ಥಿ ಎಂದು ಎರಡು ಬಾರಿ ಮರಳಿಸುತ್ತಾರೆ. ಆ ಒಂದು ಹೆಚ್ಚಿನ ಶರಣಿನ ಭಾರವನ್ನು ತಾಳಲಾರದೆ ಹರಳಯ್ಯ ದಂಪತಿಗಳು ತೊಡೆಯ ಚರ್ಮದಿಂದ ಪಾದುಕೆ ಮಾಡಿ ತರುತ್ತಾರೆ. ನಿನ್ನೆ ಎರಡು ಬಾರಿ ಶರಣೆಂದ ಕಂಠ ಹರಳಯ್ಯನವರ ಕುಲದ್ದು. ಕೈ ನಡುಗುತ್ತ ಕೇಳಿಸಿಕೊಂಡವರು ಹುಟ್ಟು ಲಿಂಗವಂತರು. ಸಭೆಯಲ್ಲಿ ಸದ್ದಿರಲಿಲ್ಲ. ನಾಟಕ ಮುಗಿದ ಮೇಲೆ ತಾಯಂದಿರು ಬಸವಣ್ಣನವರ ಪಾತ್ರಧಾರಿಗೆ ಆರತಿ ಎತ್ತಿದರು, ಮಕ್ಕಳ ತಲೆಯನ್ನು ಅವರ ಪಾದಕ್ಕೆ ಮುಟ್ಟಿಸಿದರು. ತಕರಾರಿಗೆ ಬಂದಿದ್ದ ಹಿರಿಯರಲ್ಲಿ ಇಬ್ಬರು ಹಾರ ಹಾಕಿದ್ದನ್ನೂ ನಾವು ನೋಡಿದೆವು. ಸಂತೋಷ.

ಬಣ್ಣ ತೊಳೆದಾದ ಮೇಲೆ ಆ ತಮ್ಮ ನಮ್ಮಲ್ಲಿಗೆ ಬಂದರು. ಮಾತಾಡಿಸಿದಾಗ ತಿಳಿದದ್ದಿಷ್ಟು. ಅವರೂ, ಅವರ ಹೆಂಡತಿ ಮಕ್ಕಳೂ ಕಟ್ಟುತ್ತಿರುವ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿದ್ದಾರೆ. ಕಟ್ಟಡ ಮುಗಿಯುತ್ತ ಬಂದಿದೆ. ಶೆಡ್ಡನ್ನು ತಿಂಗಳೊಪ್ಪತ್ತಿನಲ್ಲಿ ಕೀಳುತ್ತಾರೆ. ಮೂರು ತಿಂಗಳಿನಿಂದ ಬಾಡಿಗೆ ಮನೆಯನ್ನು ಹುಡುಕುತ್ತಿದ್ದಾರೆ. ಮುಂಗಡದ ಹಣ ಕೂಡಿಸಿಟ್ಟಿದ್ದಾರೆ. ಹೋದ ಕಡೆಯಲ್ಲೆಲ್ಲ ಮೊದಲು ಮನೆ ತೋರಿಸುತ್ತಾರೆ, ಆಮೇಲೆ “ನೀವು ಯಾವ ಜನ?” ಎಂದು ಕೇಳುತ್ತಾರೆ, ಆಮೇಲೆ ಮನೆ ಬೇರೆಯವರಿಗೆ ಹೋಗಿರುತ್ತದೆ. ಹೀಗೆ ಕೇಳಿದ ಮನೆಗಳಲ್ಲಿ ವಿಭೂತಿಯ ಗಟ್ಟಿಯಿರುವ ಮನೆಗಳೂ ಇದ್ದವಂತೆ. ಯಾವ ಬೀದಿ, ಯಾರ ಮನೆ ಎಂದು ಅವರು ಹೇಳಲಿಲ್ಲ. ನಾವೂ ಕೇಳಲಿಲ್ಲ.

ಈ ಸಭೆಯಲ್ಲಿ ಬಾಡಿಗೆಯ ಮನೆಗಳುಳ್ಳವರು ಬಹಳ ಮಂದಿ ಇದ್ದೀರಿ. ರಾಗಿಯ ಹೊಲಗಳ ಜಾಗದಲ್ಲಿ ಮಹಡಿಗಳೆದ್ದಿವೆ, ಶಿವನು ಕೊಟ್ಟಿದ್ದಾನೆ. ಅವರಿಗೆ ಎರಡು ಕೋಣೆ, ಒಂದು ಅಡಿಗೆಮನೆ ಸಾಕು. ಮಕ್ಕಳಿಬ್ಬರು ಇಲ್ಲಿಯ ಸರಕಾರಿ ಶಾಲೆಗೆ ಹೋಗುತ್ತಾರಾದ್ದರಿಂದ ನಡೆದು ಹೋಗುವಷ್ಟು ಹತ್ತಿರವಿದ್ದರೆ ಒಳ್ಳೆಯದು. ಇಂದು ಕೆಲಸಕ್ಕೆ ರಜೆ ಹಾಕಿ ಅವರು ದಾಸೋಹದಲ್ಲಿ ಬಡಿಸುವುದಕ್ಕೆ ನಿಂತಿದ್ದಾರೆ. ಪ್ರಸಾದವಾದ ಮೇಲೆ ನಾವು ಸಂಜೆ ಐದು ಗಂಟೆಯವರೆಗೆ ಇಲ್ಲಿಯೇ ಇರುತ್ತೇವೆ. ಮನೆಯಿದ್ದವರು ಬೀಗದ ಕೈಯನ್ನು ತೆಗೆದುಕೊಂಡು ಬಂದು ನಮ್ಮನ್ನು ಕಾಣಬಹುದು.