ಯಂತ್ರದ ಪಕ್ಕದಲ್ಲಿ ಕೂರುವವರು ಯಾರು?

(ವಾರ್ಷಿಕ ನಿಧಿ ಸಂಗ್ರಹ ಸಮಾರಂಭದಲ್ಲಿ ಮಾಡಿದ ಭಾಷಣ)



ಅಮೆರಿಕದಲ್ಲಿ ನೆಲೆಸಿರುವ ನಮಗೆ ಊರಿನ ಶಾಲೆಗೆ ಏನಾದರೂ ಮಾಡಬೇಕು ಎನ್ನಿಸಿದಾಗ ಮೊದಲು ಹೊಳೆಯುವುದು ಕಂಪ್ಯೂಟರ್. ನಮ್ಮಲ್ಲಿ ಅನೇಕರಿಗೆ ಅನ್ನ ಕೊಟ್ಟಿರುವುದೇ ಅದು, ಹಾಗಾಗಿ ಇದು ಸಹಜ. ಹತ್ತು ಕಂಪ್ಯೂಟರ್ ಕೊಟ್ಟರೆ ಲೆಕ್ಕ ಇಡುವುದು ಸುಲಭ, ಫೋಟೋ ಕೂಡ ಚೆನ್ನಾಗಿ ಬರುತ್ತದೆ. ಆದರೆ ಮಗು ಎಷ್ಟು ಕಲಿಯಿತು? ದೇಣಿಗೆ ಕೊಡುವ ನಾವೆಲ್ಲ ಇಂದು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ದಕ್ಷಿಣ ಅಮೆರಿಕದ ಪೆರು ದೇಶ 'ಮಗುವಿಗೊಂದು ಲ್ಯಾಪ್‌ಟಾಪ್' ಯೋಜನೆಯಡಿ ಲಕ್ಷಾಂತರ ಲ್ಯಾಪ್‌ಟಾಪ್‌ಗಳನ್ನು ಹಂಚಿತು. ಅಲ್ಲಿನ ೩೧೯ ಗ್ರಾಮೀಣ ಶಾಲೆಗಳ ಅಧ್ಯಯನವೊಂದನ್ನು ಇಂಟರ್-ಅಮೆರಿಕನ್ ಡೆವಲಪ್‌ಮೆಂಟ್ ಬ್ಯಾಂಕ್ ೨೦೧೨ರಲ್ಲಿ ಪ್ರಕಟಿಸಿತು. ಸುಮಾರು ೧೫ ತಿಂಗಳಾದ ಮೇಲೆ ನೋಡಿದರೆ, ಮಕ್ಕಳು ಲ್ಯಾಪ್‌ಟಾಪ್ ಬಳಸುವುದನ್ನೇನೋ ಕಲಿತಿದ್ದರು. ಗಣಿತ ಮತ್ತು ಭಾಷೆಯ ಪರೀಕ್ಷೆಗಳಲ್ಲಿ ಮಾತ್ರ ಲ್ಯಾಪ್‌ಟಾಪ್ ಇಲ್ಲದ ಶಾಲೆಗಳ ಮಕ್ಕಳಿಗಿಂತ ಮುಂದೆ ಹೋಗಿರಲಿಲ್ಲ.

ಹಾಗಾದರೆ ಕಂಪ್ಯೂಟರ್‌ನಿಂದ ಪ್ರಯೋಜನವೇ ಇಲ್ಲವೇ? ಖಂಡಿತ ಇದೆ. ದೆಹಲಿಯಲ್ಲಿ 'ಮೈಂಡ್‌ಸ್ಪಾರ್ಕ್' ಎಂಬ ತಂತ್ರಾಂಶ ಬಳಸಿ ಶಾಲಾ ಸಮಯದ ಹೊರಗೆ ನಡೆಸಿದ ತರಗತಿಗಳನ್ನು ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು ಪರಿಶೀಲಿಸಿ, ೨೦೧೯ರಲ್ಲಿ ವರದಿ ಪ್ರಕಟಿಸಿದರು. ಅಲ್ಲಿನ ಬಹಳ ಮಕ್ಕಳು ತಮ್ಮ ತರಗತಿಗಿಂತ ಎಷ್ಟೋ ಹಿಂದೆ ಉಳಿದಿದ್ದರು. ತಂತ್ರಾಂಶ ಮೊದಲು ಪ್ರತಿ ಮಗುವಿಗೂ ಏನು ಬರುತ್ತದೆ ಎಂದು ಪರೀಕ್ಷಿಸಿ, ಅಲ್ಲಿಂದಲೇ ಪಾಠ ಶುರು ಮಾಡುತ್ತಿತ್ತು. ಹೀಗೆ ೪೫ ನಿಮಿಷ ಕಂಪ್ಯೂಟರ್ ಪಾಠ, ಇನ್ನು ೪೫ ನಿಮಿಷ ಚಿಕ್ಕ ಗುಂಪಿನಲ್ಲಿ ಸಹಾಯಕರಿಂದ ಪಾಠ. ನಾಲ್ಕೂವರೆ ತಿಂಗಳಲ್ಲೇ ಗಣಿತ, ಹಿಂದಿ ಎರಡರಲ್ಲೂ ಒಳ್ಳೆಯ ಪ್ರಗತಿ ಕಂಡುಬಂತು.

ಪೆರುವಿನಲ್ಲೂ ಯಂತ್ರವಿತ್ತು, ದೆಹಲಿಯಲ್ಲೂ ಯಂತ್ರವಿತ್ತು. ವ್ಯತ್ಯಾಸ ಇದ್ದದ್ದು ಎರಡು ವಿಷಯಗಳಲ್ಲಿ: ಮಗುವಿನ ಮಟ್ಟಕ್ಕೆ ಹೊಂದುವ ಪಾಠ ಮತ್ತು ಜೊತೆಯಲ್ಲಿ ಕೂತು ಕಲಿಸುವ ಮನುಷ್ಯರು.

ನಮ್ಮ ಕರ್ನಾಟಕ ಇದನ್ನು ೨೦೨೦ರಲ್ಲಿ ಕಣ್ಣಾರೆ ಕಂಡಿತು. ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದಾಗ ದೂರದರ್ಶನ ಚಂದನದಲ್ಲಿ 'ಸೇತುಬಂಧ' ಪಾಠಗಳು ಪ್ರಸಾರವಾದವು. ಅದು ಒಳ್ಳೆಯ ಕೆಲಸವೇ. ಆದರೆ "ಅರ್ಥವಾಯಿತೇನಪ್ಪಾ?" ಎಂದು ಟಿವಿ ಕೇಳುವುದಿಲ್ಲ. ಆಗಸ್ಟ್‌ನಲ್ಲಿ 'ವಿದ್ಯಾಗಮ' ಆರಂಭವಾಯಿತು. ಸರ್ಕಾರಿ ಶಾಲೆಯ ಮೇಷ್ಟ್ರುಗಳು, ಮೇಡಂಗಳು ಮಕ್ಕಳಿದ್ದ ಕಡೆಗೇ ಹೋಗಿ, ದೇವಸ್ಥಾನದ ಆವರಣದಲ್ಲಿ, ಸಮುದಾಯ ಭವನದಲ್ಲಿ, ಮರದ ನೆರಳಲ್ಲಿ ಪಾಠ ಮಾಡಿದರು. ಸೋಂಕಿನ ಆತಂಕದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆದರೂ ಫೋನ್ ಇಲ್ಲದ ಮನೆಯ ಮಗುವಿಗೆ ಆ ದಿನಗಳಲ್ಲಿ ಶಾಲೆ ಎಂದರೆ ಆ ಮೇಷ್ಟ್ರೇ ಆಗಿದ್ದರು.

ಆದ್ದರಿಂದ ಬಂಧುಗಳೇ, ನಮ್ಮದೊಂದು ವಿನಂತಿ. ಇನ್ನು ಮುಂದೆ ಶಾಲೆಗೆ ಕಂಪ್ಯೂಟರ್ ಕೊಡುವ ಮೊದಲು ಮೂರು ಪ್ರಶ್ನೆ ಕೇಳೋಣ. ಪಾಠ ಕನ್ನಡದಲ್ಲಿ, ಮಗುವಿನ ಮಟ್ಟಕ್ಕೆ ಇದೆಯೇ? ಕೆಟ್ಟರೆ ರಿಪೇರಿ ಮಾಡಿಸುವವರು ಯಾರು? ಮಗುವಿನ ಪಕ್ಕದಲ್ಲಿ ಕೂರುವವರು ಯಾರು? ಯಂತ್ರಕ್ಕೆ ಒಂದು ರೂಪಾಯಿ ತೆಗೆದಿಟ್ಟರೆ, ಶಿಕ್ಷಕರ ತರಬೇತಿ, ರಿಪೇರಿ ಮತ್ತು ಸಂಜೆ ತರಗತಿಯ ಸಹಾಯಕರ ಸಂಬಳಕ್ಕೆ ಇನ್ನೊಂದು ರೂಪಾಯಿ ತೆಗೆದಿಡೋಣ. ಸಂಬಳದ ಫೋಟೋ ತೆಗೆಯಲು ಬರುವುದಿಲ್ಲ, ನಿಜ. ಆದರೆ ಆ ದುಡ್ಡಿನಿಂದಲೇ ಆರನೇ ತರಗತಿಯ ಹುಡುಗಿ ಭಾಗಾಕಾರ ಕಲಿಯುತ್ತಾಳೆ.

ನಮ್ಮ ಮನೆಗೂ ಇದೇ ಮಾತು ಅನ್ವಯಿಸುತ್ತದೆ. ಮಗುವಿನ ಕೈಗೆ ಕನ್ನಡ ಕಲಿಸುವ ಆ್ಯಪ್ ಕೊಟ್ಟು ನಾವು ಬೇರೆ ಕೋಣೆಗೆ ಹೋದರೆ ಅದು ಅಕ್ಷರ ಗುರುತಿಸಬಹುದು. ಮಾತು ಬರಬೇಕಾದರೆ ಅಪ್ಪ, ಅಮ್ಮ, ಅಜ್ಜಿ, ತಾತ ಜೊತೆಗೆ ಕೂತು ಮಾತನಾಡಬೇಕು.

ಮುಂದೆ ಗುರಿ, ಹಿಂದೆ ಗುರು ಇರಬೇಕು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಕಂಪ್ಯೂಟರ್ ಬಂದ ಮೇಲೂ ಆ ಮಾತು ಹಳೆಯದಾಗಿಲ್ಲ. ಈ ವರ್ಷದ ನಿಮ್ಮ ದೇಣಿಗೆ ಅಂಥ ಗುರುಗಳಿಗೆ ಬಲ ಕೊಡಲಿ ಎಂದು ಹಾರೈಸುತ್ತೇವೆ.

ಜೈ ಕರ್ನಾಟಕ!